ಗೇರ್‌ಬಾಕ್ಸ್ ಇಳಿಸುವ ಮುನ್ನ

ಕೈಯಿಂದ ಗೇರು ಬದಲಿಸುವ ಕಾರಿನಲ್ಲಿ ಕ್ಲಚ್ಚು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ, ಗಂಟೆಯಾಕಾರದ ಲೋಹದ ಕವಚದೊಳಗೆ ಇರುತ್ತದೆ. ಅದು ಕೆಲಸ ಮಾಡುವುದನ್ನು ಯಾರೂ ನೋಡಿರುವುದಿಲ್ಲ. ನೋಡಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು. ಇಳಿಸಿದ ಮೇಲೆ ಗಾಡಿ ಓಡುವುದಿಲ್ಲ, ಓಡದ ಗಾಡಿಯ ಕ್ಲಚ್ಚು ತನ್ನ ದೋಷವನ್ನು ಆಡಿ ತೋರಿಸುವುದೂ ಇಲ್ಲ. ಹೀಗಾಗಿ ಕ್ಲಚ್ಚಿನ ಬಗ್ಗೆ ಮೊದಲು ತಿಳಿಯುವುದೆಲ್ಲ ಕುರುಹುಗಳಿಂದ: ಪೆಡಲಿನ ಭಾರ, ಎಂಜಿನ್ನಿನ ಸದ್ದು, ಸುಟ್ಟ ವಾಸನೆ, ಬೀಳಲೊಲ್ಲದ ಗೇರು. ಕಂಡದ್ದನ್ನು ಹಿಡಿದು ಕಾಣದ್ದನ್ನು ಅರಿಯುವ ಈ ದಾರಿಯನ್ನು ಭಾರತದ ದರ್ಶನಗಳು ಅನುಮಾನ ಪ್ರಮಾಣವೆಂದು ಕರೆದು, ಅದರ ಮೇಲೆ ಎರಡು ಸಾವಿರ ವರ್ಷ ಜಗಳಾಡಿವೆ. ಜಗಳದ ತಿರುಳು ಒಂದೇ ಪ್ರಶ್ನೆ. ಕುರುಹಿನಿಂದ ಹುಟ್ಟಿದ ನಂಬಿಕೆ ಯಾವಾಗ ಜ್ಞಾನ, ಯಾವಾಗ ಬರೀ ಊಹೆ?

ಈ ಪ್ರಶ್ನೆಯ ಹಿಂದೆ ದೇವರ ಪ್ರಶ್ನೆಯೂ ಇದೆ. ನೈಯಾಯಿಕ ಉದಯನ ಜಗತ್ತೆಂಬ ಕಾರ್ಯವನ್ನು ತೋರಿಸಿ ಅದರ ಕರ್ತೃವಾದ ಈಶ್ವರನನ್ನು ಸಾಧಿಸಲು ಹೊರಟದ್ದು ಇದೇ ಪ್ರಮಾಣವನ್ನು ನೆಚ್ಚಿ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರೂ ಉಡುಪಿಯ ಮಧ್ವರೂ ಅದನ್ನು ಒಪ್ಪಲಿಲ್ಲ. ಈಶ್ವರನು ಶಾಸ್ತ್ರದಿಂದಲೇ ತಿಳಿಯಬೇಕಾದವನು, ಅಲ್ಲಿಯವರೆಗೆ ಹೋಗುವ ಕಸುವು ಅನುಮಾನಕ್ಕಿಲ್ಲ ಎಂಬುದು ಅವರ ನಿಲುವು. ಜೈನರಂತೂ ಕರ್ತೃವನ್ನೇ ನಿರಾಕರಿಸಿದರು. ಈ ವಾದ ಇಂದಿಗೂ ತೀರದಿರುವುದಕ್ಕೆ ಕಾರಣ ಸರಳ: ಅಲ್ಲಿ ಮುಚ್ಚಳ ತೆಗೆದು ನೋಡುವ ದಿನ ಬರುವುದಿಲ್ಲ. ಕ್ಲಚ್ಚಿನ ವಿಷಯದಲ್ಲಿ ಬರುತ್ತದೆ. ತೀರ್ಪು ಮೊದಲು, ಸಾಕ್ಷಿ ಆಮೇಲೆ. ತೀರ್ಪು ಕೊಟ್ಟವನು ಕೆಲವೇ ಗಂಟೆಗಳಲ್ಲಿ ತನ್ನ ಮಾತನ್ನು ಕಣ್ಣಾರೆ ಅಳೆದುಕೊಳ್ಳಬೇಕು. ಅನುಮಾನ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ಕಲಿಯುವುದಕ್ಕೆ ಗ್ಯಾರೇಜು ತರ್ಕಶಾಲೆಗಿಂತ ಕಡಿಮೆಯ ಜಾಗವೇನಲ್ಲ.

ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿ ಈ ವಿಚಾರಕ್ಕೆ ಒಪ್ಪುವ ನೆಲ. ಒಂದು ಕಡೆ ಡೋಣಿ ಹೊಳೆಯ ಎರೆಭೂಮಿ, ಇನ್ನೊಂದು ಕಡೆ ಕೃಷ್ಣೆ ಮತ್ತು ಆಲಮಟ್ಟಿ ಅಣೆಕಟ್ಟು. ನ್ಯಾಯಸೂತ್ರದ ಹಳೆಯ ಭಾಷ್ಯಕಾರ ವಾತ್ಸ್ಯಾಯನ ಕಾರ್ಯದಿಂದ ಕಾರಣವನ್ನು ಅರಿಯುವುದಕ್ಕೆ ಕೊಟ್ಟ ಉದಾಹರಣೆ ತುಂಬಿ ಹರಿಯುವ ಹೊಳೆ: ಹೊಳೆ ಏರಿದ್ದನ್ನು ಕಂಡವನು ಮೇಲೆ ಎಲ್ಲೋ ಮಳೆಯಾಗಿದೆ ಎಂದು ತಿಳಿಯುತ್ತಾನೆ. ಕೃಷ್ಣೆಯ ದಂಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ತಮ್ಮ ಊರಿನಲ್ಲಿ ಹನಿ ಬೀಳದಿದ್ದರೂ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಡೆದರೆ ಹೊಳೆ ಕೆಂಪಾಗಿ ಬರುತ್ತದೆ.

ನ್ಯಾಯಸೂತ್ರದ ಎರಡನೆಯ ಅಧ್ಯಾಯ ಈ ಉದಾಹರಣೆಗೇ ಒಂದು ಆಕ್ಷೇಪವನ್ನು ಎತ್ತುತ್ತದೆ. ಹೊಳೆ ಮಳೆಯಿಂದಲೇ ಏರಬೇಕೆಂದಿಲ್ಲ, ಕೆಳಗೆ ಯಾರೋ ತಡೆ ಕಟ್ಟಿದರೂ ನೀರು ಏರುತ್ತದಲ್ಲ? ಆಲಮಟ್ಟಿಯ ಗೇಟು ಇಳಿಸಿ ನೀರನ್ನು 519.6 ಮೀಟರ್ ಮಟ್ಟದವರೆಗೆ ನಿಲ್ಲಿಸುವ ಈ ಕಾಲದಲ್ಲಿ ಆ ಆಕ್ಷೇಪ ಹಿನ್ನೀರಿನ ದಂಡೆಯಲ್ಲಿ ಕಣ್ಣಮುಂದೆಯೇ ನಿಂತಿದೆ. ಸೂತ್ರಕಾರನ ಉತ್ತರವನ್ನು ಭಾಷ್ಯ ಬಿಡಿಸಿ ಹೇಳುತ್ತದೆ. ನೀರು ಏರಿದೆ ಎಂಬುದು ಕುರುಹಿನ ಒಂದು ತುಣುಕು ಮಾತ್ರ. ಸೆಳೆತ ಜೋರಾಗಿದೆಯೇ, ನೊರೆ ಇದೆಯೇ, ಹಣ್ಣು, ಎಲೆ, ಕಟ್ಟಿಗೆ ತೇಲಿ ಬರುತ್ತಿವೆಯೇ ಎಂದು ಪೂರ್ತಿ ನೋಡಿದವನು ತಡೆದ ನೀರನ್ನು ಮಳೆಯ ನೀರೆಂದು ತಿಳಿಯುವುದಿಲ್ಲ. ತಪ್ಪಿದ್ದು ಅನುಮಾನವಲ್ಲ, ಅರ್ಧ ಕುರುಹನ್ನೇ ಇಡೀ ಕುರುಹೆಂದು ಹಿಡಿದವನು. ಕ್ಲಚ್ಚಿನ ಪರೀಕ್ಷೆಯಲ್ಲಿ ಆಗುವ ಹೆಚ್ಚಿನ ತಪ್ಪುಗಳೂ ಇದೇ ಜಾತಿಯವು.

ಕುರುಹುಗಳನ್ನು ಓದುವ ಮೊದಲು ಒಳಗೇನಿದೆ ಎಂದು ತಿಳಿದಿರಬೇಕು. ಎಂಜಿನ್ನಿನ ಜೊತೆ ತಿರುಗುವ ಭಾರವಾದ ಚಕ್ರ ಫ್ಲೈವೀಲ್. ಅದಕ್ಕೆ ಬೋಲ್ಟು ಹಾಕಿ ಬಿಗಿದದ್ದು ಪ್ರೆಶರ್ ಪ್ಲೇಟ್. ಇವೆರಡರ ನಡುವೆ, ಗೇರ್‌ಬಾಕ್ಸಿನ ಶಾಫ್ಟಿನ ಮೇಲೆ ಕೂತಿರುವುದು ಕ್ಲಚ್ ಪ್ಲೇಟ್. ಅದರ ಎರಡೂ ಮುಖಕ್ಕೆ ತಿಕ್ಕಾಟ ತಾಳುವ ಲೈನಿಂಗ್ ಇರುತ್ತದೆ. ಪೆಡಲ್ ಮೇಲಿರುವಾಗ ಡಯಾಫ್ರಾಮ್ ಸ್ಪ್ರಿಂಗು ಪ್ಲೇಟನ್ನು ಫ್ಲೈವೀಲಿಗೆ ಅವುಚಿ ಹಿಡಿಯುತ್ತದೆ, ಎಂಜಿನ್ನಿನ ತಿರುಗುವಿಕೆ ಚಕ್ರಗಳಿಗೆ ಹೋಗುತ್ತದೆ. ಪೆಡಲ್ ಒತ್ತಿದರೆ ಕೇಬಲ್ಲೋ ಬ್ರೇಕ್ ಆಯಿಲ್ಲಿನ ಒತ್ತಡವೋ ಫೋರ್ಕನ್ನು ಸರಿಸುತ್ತದೆ, ಫೋರ್ಕು ರಿಲೀಸ್ ಬೇರಿಂಗನ್ನು ಸ್ಪ್ರಿಂಗಿನ ನಾಲಗೆಗಳ ಮೇಲೆ ಒತ್ತುತ್ತದೆ, ಹಿಡಿತ ಬಿಡುತ್ತದೆ. ಪೂರ್ತಿ ಹಿಡಿಯಬೇಕು, ಪೂರ್ತಿ ಬಿಡಬೇಕು, ಇವೆರಡರ ನಡುವೆ ಮೆತ್ತಗೆ ದಾಟಬೇಕು. ದೊಡ್ಡ ದೋಷಗಳೂ ಹೀಗೆಯೇ ಎರಡು ಕುಲ: ಹಿಡಿಯದ ಕ್ಲಚ್ಚು, ಬಿಡದ ಕ್ಲಚ್ಚು. ನಡುಕ, ಸದ್ದು ಅವುಗಳ ಜೊತೆಗೆ ಬರುವ ಚಿಕ್ಕ ಕುಲಗಳು.

ಹಿಡಿಯದ ಕ್ಲಚ್ಚನ್ನು ಗ್ಯಾರೇಜಿನಲ್ಲಿ ‘ಸ್ಲಿಪ್ ಆಗ್ತದ’ ಎನ್ನುತ್ತಾರೆ. ಗಾಡಿಯ ಒಡೆಯ ಹಾಗೆ ಹೇಳುವುದಿಲ್ಲ. ಅವನ ದೂರು ‘ಗಾಡಿ ಜಗ್ಗವಲ್ದು’ ಎಂದಷ್ಟೇ. ಈ ಎರಡು ಮಾತುಗಳ ನಡುವೆ ಇರುವ ಅಂತರವೇ ಮೊದಲ ತೊಡಕು. ಗಾಡಿ ಜಗ್ಗದಿರುವುದಕ್ಕೆ ಏರ್ ಫಿಲ್ಟರ್ ಕಟ್ಟಿರಬಹುದು, ಡೀಸೆಲ್ ಸರಿಯಾಗಿ ಬರದಿರಬಹುದು, ಬ್ರೇಕು ಹಿಡಿದುಕೊಂಡಿರಬಹುದು. ಇವುಗಳಲ್ಲಿ ಎಂಜಿನ್ ವೇಗವೂ ಏರುವುದಿಲ್ಲ, ಗಾಡಿಯ ವೇಗವೂ ಏರುವುದಿಲ್ಲ. ಕ್ಲಚ್ ಸ್ಲಿಪ್ಪಿನ ಗುರುತು ಬೇರೆ: ಎಂಜಿನ್ ಭೋರೆಂದು ಏರುತ್ತದೆ, ಗಾಡಿ ಮಾತ್ರ ಇದ್ದ ವೇಗದಲ್ಲೇ ಇರುತ್ತದೆ. ಎರಡು ವೇಗಗಳ ನಡುವೆ ಸಂಬಂಧ ಕಳಚಿದ್ದೇ ಇಲ್ಲಿ ಹೇತು, ಅಂದರೆ ಅನುಮಾನಕ್ಕೆ ಆಧಾರವಾದ ಕುರುಹು. ಒಂದು ವೇಗವನ್ನಷ್ಟೇ ಗಮನಿಸಿದವನ ಕೈಯಲ್ಲಿ ಇರುವುದು ಏರಿದ ನೀರು ಮಾತ್ರ, ನೊರೆಯೂ ಇಲ್ಲ, ಕಟ್ಟಿಗೆಯೂ ಇಲ್ಲ.

ಹಾಗಿದ್ದರೆ ಎಂಜಿನ್ ಏರಿ ಗಾಡಿ ಏರದಿದ್ದರೆ ಕ್ಲಚ್ಚೇ ಎಂದು ನಿರ್ಧರಿಸಬಹುದೇ? ಮಳೆಗಾಲದ ಎರೆಭೂಮಿ ಬೇಡ ಎನ್ನುತ್ತದೆ. ಹೊಲದ ದಾರಿಯಲ್ಲಿ ಕರಿಮಣ್ಣು ಗಾಲಿಗೆ ಮೆತ್ತಿಕೊಂಡಾಗ ಚಕ್ರ ಇದ್ದಲ್ಲೇ ತಿರುಗುತ್ತದೆ, ಎಂಜಿನ್ ಕೂಗುತ್ತದೆ, ಗಾಡಿ ಜಾಗ ಬಿಡುವುದಿಲ್ಲ. ಹೊರಗಿನ ಕುರುಹು ತದ್ರೂಪು, ಕಾರಣ ಬೇರೆ. ಹೀಗೆ ಮರೆಯಲ್ಲಿ ಕೂತ ಷರತ್ತಿಗೆ ತರ್ಕಶಾಸ್ತ್ರದಲ್ಲಿ ಉಪಾಧಿ ಎನ್ನುತ್ತಾರೆ. ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕೆಂದಿಲ್ಲ, ಕಟ್ಟಿಗೆ ಹಸಿಯಾಗಿರಬೇಕು ಎಂಬುದು ಅದಕ್ಕೆ ಶಾಸ್ತ್ರದ ಉದಾಹರಣೆ. ಗುಡುಗುಡು ಓಡುವ ಎಂಜಿನ್ನಿನಿಂದ ಕ್ಲಚ್ಚಿನ ದೋಷಕ್ಕೆ ಹೋಗುವ ದಾರಿಯಲ್ಲಿ ‘ಚಕ್ರಕ್ಕೆ ನೆಲದ ಹಿಡಿತ ಇದೆ’ ಎಂಬ ಹೇಳದ ಷರತ್ತು ಕೂತಿದೆ. ಡಾಂಬರು ರಸ್ತೆಯ ಊರಿನವರಿಗೆ ಅದು ನೆನಪಿಗೇ ಬರುವುದಿಲ್ಲ. ಎರೆ ನೆಲದವರು ಮರೆಯುವ ಹಾಗಿಲ್ಲ. ಕೆಸರಿನಿಂದ ಗಾಡಿ ಎಬ್ಬಿಸಲು ಅರ್ಧ ಕ್ಲಚ್ಚಿನಲ್ಲಿ ಮತ್ತೆ ಮತ್ತೆ ಆಕ್ಸಿಲರೇಟರ್ ಒತ್ತಿದರೆ ಲೈನಿಂಗ್ ನಿಜವಾಗಿಯೇ ಸುಟ್ಟುಹೋಗುತ್ತದೆ ಎಂಬುದು ಇನ್ನೊಂದು ತೊಡಕು: ಮೊದಲು ಬರೀ ಹೋಲಿಕೆಯಾಗಿದ್ದದ್ದು ಸಂಜೆಗೆ ರೋಗವೇ ಆಗಿರುತ್ತದೆ.

ಪಠ್ಯಗಳು ಹೇಳುವ ಏರುದಾರಿಯ ಪರೀಕ್ಷೆ ಬಯಲುಸೀಮೆಯಲ್ಲಿ ಎಲ್ಲೆಡೆ ಕೈಗೆ ಸಿಗುವುದಿಲ್ಲ. ಒಣಗಿದ ಗಟ್ಟಿ ರಸ್ತೆಯ ಮೇಲೆ ಮೇಲಿನ ಗೇರಿನಲ್ಲಿ ಕಡಿಮೆ ವೇಗದಿಂದ ಆಕ್ಸಿಲರೇಟರನ್ನು ಪೂರ್ತಿ ಒತ್ತುವುದು ಅದಕ್ಕೆ ಬದಲಿ. ಭಾರ ತುಂಬಿದ ಗಾಡಿಯಾದರೆ ಇನ್ನೂ ಸ್ಪಷ್ಟ. ನಿಂತಲ್ಲೇ ಮಾಡುವ ಪರೀಕ್ಷೆಯೂ ಉಂಟು. ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮುಂದೆ ಯಾರೂ ಇಲ್ಲದ್ದನ್ನು ನೋಡಿಕೊಂಡು, ಮೂರನೆಯ ಇಲ್ಲವೇ ನಾಲ್ಕನೆಯ ಗೇರಿಗೆ ಹಾಕಿ, ಎಂಜಿನ್ನನ್ನು ನಿಮಿಷಕ್ಕೆ 1500ರಿಂದ 2000 ಸುತ್ತಿನಲ್ಲಿಟ್ಟು ಪೆಡಲ್ ಬಿಡಬೇಕು. ಒಳ್ಳೆಯ ಕ್ಲಚ್ಚು ಎಂಜಿನ್ನನ್ನು ತಕ್ಷಣ ಆರಿಸುತ್ತದೆ. ಎಂಜಿನ್ ಓಡುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ. ಚಕ್ರ ತಿರುಗದಂತೆ ಕಟ್ಟಿರುವುದರಿಂದ ನೆಲದ ಉಪಾಧಿ ಇಲ್ಲಿ ತಾನಾಗಿ ತೊಲಗುತ್ತದೆ, ಈ ಪರೀಕ್ಷೆಯ ಬೆಲೆ ಇರುವುದೂ ಅದರಲ್ಲೇ. ಇದನ್ನು ಪದೇಪದೇ ಮಾಡಬಾರದು. ಪ್ರತಿ ಸಲವೂ ಲೈನಿಂಗ್ ಕಾಯುತ್ತದೆ, ಪರೀಕ್ಷೆಯೇ ದೋಷವನ್ನು ಹುಟ್ಟಿಸಬಹುದು.

ಸ್ಲಿಪ್ ಖಚಿತವಾದರೂ ಅದರ ಕಾರಣ ಖಚಿತವಾಗಿಲ್ಲ. ಲೈನಿಂಗ್ ಸವೆದಿರಬಹುದು, ಸ್ಪ್ರಿಂಗ್ ಸೋತಿರಬಹುದು, ಎಂಜಿನ್ನಿನ ಹಿಂದಿನ ಆಯಿಲ್ ಸೀಲಿನಿಂದಲೋ ಗೇರ್‌ಬಾಕ್ಸಿನ ಮುಂದಿನ ಸೀಲಿನಿಂದಲೋ ಎಣ್ಣೆ ಬಂದು ಪ್ಲೇಟಿಗೆ ತಾಗಿರಬಹುದು, ಕೇಬಲ್ ಅತಿ ಬಿಗಿಯಾಗಿ ಪೆಡಲ್ ಬಿಟ್ಟರೂ ಬೇರಿಂಗು ಸ್ಪ್ರಿಂಗನ್ನು ಒತ್ತಿಕೊಂಡೇ ಇರಬಹುದು. ಕೊನೆಯದೊಂದು ಮಾತ್ರ ಹೊರಗಿನಿಂದ ಸರಿಪಡಿಸಬಹುದಾದದ್ದು. ಕೇಬಲ್ ಇರುವ ಗಾಡಿಗಳಲ್ಲಿ ಪೆಡಲಿನ ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 25 ಮಿಲಿಮೀಟರ್ ಸಡಿಲು, ಗ್ಯಾರೇಜಿನ ಮಾತಿನಲ್ಲಿ ‘ಪ್ಲೇ’, ಬೇಕು; ನಿಖರ ಅಳತೆ ಗಾಡಿಯಿಂದ ಗಾಡಿಗೆ ಬೇರೆ.

ಇಲ್ಲಿ ಚರಕಸಂಹಿತೆ ನೆರವಿಗೆ ಬರುತ್ತದೆ. ಲಕ್ಷಣ ಮರೆಯಾಗಿರುವ ರೋಗವನ್ನು ಉಪಶಯ, ಅನುಪಶಯಗಳಿಂದ ಪರೀಕ್ಷಿಸಬೇಕೆಂದು ಅದು ಹೇಳುತ್ತದೆ: ಒಂದು ಉಪಚಾರ ಕೊಟ್ಟು ನೋಡುವುದು, ಹಿತವಾಯಿತೋ ಅಹಿತವಾಯಿತೋ ಎಂಬುದರಿಂದ ರೋಗವನ್ನು ಗುರುತಿಸುವುದು. ಕೇಬಲ್ಲನ್ನು ಸಡಿಲಿಸಿ ಪ್ಲೇ ಕೊಡುವುದು ಅಂಥ ಉಪಶಯ. ಸ್ಲಿಪ್ ನಿಂತರೆ ಬಿಗಿಯೇ ದೋಷ ಎನ್ನಿಸುತ್ತದೆ. ಆದರೆ ಡಯಾಫ್ರಾಮ್ ಕ್ಲಚ್ಚಿನ ರಚನೆ ಇಲ್ಲೊಂದು ಬಲೆ ಹೆಣೆದಿದೆ. ಲೈನಿಂಗ್ ಸವೆದಂತೆ ಸ್ಪ್ರಿಂಗಿನ ನಾಲಗೆಗಳು ಬೇರಿಂಗಿನ ಕಡೆಗೆ ಬಾಗುತ್ತವೆ, ಪೆಡಲಿನ ಪ್ಲೇ ತಾನಾಗಿ ಕರಗುತ್ತದೆ. ಸವೆತವೇ ಬಿಗಿಯ ವೇಷದಲ್ಲಿ ಬಂದು ನಿಲ್ಲುತ್ತದೆ. ಸಡಿಲಿಸಿದರೆ ಕೆಲವು ದಿನ ಗಾಡಿ ಚೆನ್ನಾಗಿ ಎಳೆಯುತ್ತದೆ, ಆಮೇಲೆ ಅದೇ ಹಾಡು. ಉಪಚಾರ ಫಲಿಸಿತು ಎಂಬ ಮಾತ್ರಕ್ಕೆ ಉಪಚಾರ ಮುಟ್ಟಿದ್ದೇ ಮೂಲವೆಂದು ಹೇಳಲಾಗದು. ಹೊಂದಾಣಿಕೆಯ ನಟ್ಟು ತನ್ನ ದಾರದ ತುದಿಗೆ ಬಂದು ನಿಂತಿದೆಯೇ ಎಂದು ನೋಡಿದವನಿಗೆ ಮಾತ್ರ ಸವೆತದ ವಯಸ್ಸು ಗೊತ್ತಾಗುತ್ತದೆ.

ಬಿಡದ ಕ್ಲಚ್ಚಿನ ದೂರು ‘ಗೇರ್ ಬೀಳವಲ್ದು’ ಎಂದು ಬರುತ್ತದೆ. ರಿವರ್ಸ್ ಹಾಕುವಾಗ ಕರಕರ ಸದ್ದು, ನಿಂತ ಗಾಡಿಯಲ್ಲಿ ಮೊದಲ ಗೇರಿಗೆ ಒದ್ದಾಟ, ಪೆಡಲ್ ಪೂರ್ತಿ ಒತ್ತಿದ್ದರೂ ಗಾಡಿ ಮುಂದಕ್ಕೆ ತೆವಳುವುದು. ಇಲ್ಲಿ ಅನ್ವಯ ಮತ್ತು ವ್ಯತಿರೇಕ ಎಂಬ ಹಳೆಯ ಜೋಡಿ ಒಂದೇ ನಿಮಿಷದಲ್ಲಿ ಕೆಲಸ ಮುಗಿಸುತ್ತದೆ: ಇದು ಇದ್ದರೆ ಅದು ಇದೆಯೇ, ಇದು ಇಲ್ಲದಾಗ ಅದೂ ಇಲ್ಲವೇ? ಎಂಜಿನ್ ಓಡುವಾಗ ಗೇರು ಬೀಳುವುದಿಲ್ಲ. ಎಂಜಿನ್ ಆರಿಸಿದರೆ ಎಲ್ಲ ಗೇರೂ ಸಲೀಸಾಗಿ ಬೀಳುತ್ತವೆ. ಅಂದರೆ ತಡೆ ಎಂಜಿನ್ನಿನ ತಿರುಗುವಿಕೆಯಿಂದ ಬರುತ್ತಿದೆ, ಅದನ್ನು ಕತ್ತರಿಸಬೇಕಾದ ಕ್ಲಚ್ಚು ಕತ್ತರಿಸುತ್ತಿಲ್ಲ. ಎಂಜಿನ್ ಆರಿದ್ದಾಗಲೂ ಗೇರು ಬೀಳದಿದ್ದರೆ ಕ್ಲಚ್ಚನ್ನು ಬಿಟ್ಟು ಗೇರಿನ ಕೇಬಲ್ಲು, ಲಿಂಕೇಜು, ಗೇರ್‌ಬಾಕ್ಸಿನ ಒಳಗನ್ನು ನೋಡಬೇಕು. ಕ್ಲಚ್ ಸೆಟ್ ಬದಲಿಸಿಯೂ ಗೇರು ಬೀಳದೆ ಉಳಿದ ಗಾಡಿಗಳಲ್ಲಿ ಈ ಒಂದು ನಿಮಿಷವನ್ನು ಉಳಿಸಿದವರ ಪಾಲೇ ಹೆಚ್ಚಿರಬೇಕು.

ಮುಂದಿನ ಹೆಜ್ಜೆ ದೋಷ ಕವಚದ ಹೊರಗೋ ಒಳಗೋ ಎಂಬುದು. ಒಬ್ಬ ಪೆಡಲ್ ಒತ್ತಬೇಕು, ಇನ್ನೊಬ್ಬ ಬಾನೆಟ್ಟಿನ ಕೆಳಗೆ ಫೋರ್ಕಿನ ಹೊರತುದಿ ಎಷ್ಟು ಸರಿಯುತ್ತದೆ ಎಂದು ನೋಡಬೇಕು. ಫೋರ್ಕು ಸಾಕಷ್ಟು ಸರಿಯದಿದ್ದರೆ ಕೊರತೆ ಹೊರಗಿದೆ: ಎಳೆ ಬಿಚ್ಚಿದ ಕೇಬಲ್ಲು, ಬಾಗಿದ ಬ್ರಾಕೆಟ್ಟು, ಅಥವಾ ಆಯಿಲ್ಲಿನ ವ್ಯವಸ್ಥೆಯಲ್ಲಿ ಸೋರಿಕೆ, ಗಾಳಿ. ಪೆಡಲನ್ನು ನಾಲ್ಕಾರು ಸಲ ಪಂಪು ಮಾಡಿದ ಕೂಡಲೆ ಗೇರು ಬಿದ್ದರೆ ಗಾಳಿ ಸೇರಿರುವ ಸಂಭವ ಹೆಚ್ಚು. ಕೆಲವು ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿಯಿಂದ ಆಯಿಲ್ ಹೋಗುವುದರಿಂದ, ಮಟ್ಟ ಇಳಿದಿದೆ ಎಂಬ ಕುರುಹು ಎರಡು ಕಡೆಗೆ ಬೆರಳು ತೋರಿಸುತ್ತದೆ. ಅದನ್ನು ಬ್ರೇಕಿನ ಕಡೆಯಿಂದಲೂ ನೋಡದೆ ಗಾಡಿ ಬಿಟ್ಟುಕೊಡುವುದು ಅಪಾಯ.

ಫೋರ್ಕು ಪೂರ್ತಿ ಸರಿಯುತ್ತಿದೆ, ಎಂಜಿನ್ ಆರಿಸಿದರೆ ಗೇರು ಬೀಳುತ್ತದೆ, ಓಡುವಾಗ ಬೀಳುವುದಿಲ್ಲ ಎಂದಾದರೆ ಮೀಮಾಂಸಕರು ಅರ್ಥಾಪತ್ತಿ ಎಂದು ಕರೆದ ಸ್ಥಿತಿ ಬರುತ್ತದೆ. ದೇವದತ್ತ ದಷ್ಟಪುಷ್ಟನಾಗಿದ್ದಾನೆ, ಹಗಲು ಉಣ್ಣುವುದಿಲ್ಲ. ರಾತ್ರಿ ಉಣ್ಣುತ್ತಾನೆಂದು ಒಪ್ಪದೆ ಈ ಎರಡು ಸಂಗತಿಗಳು ಒಟ್ಟಿಗೆ ನಿಲ್ಲವು. ಹಾಗೆಯೇ ಇಲ್ಲಿ ಬಾಗಿದ ಪ್ಲೇಟು, ತುಕ್ಕಿನಿಂದ ಶಾಫ್ಟಿನ ಹಲ್ಲುಗಳ ಮೇಲೆ ಜಾರದ ಪ್ಲೇಟು, ಬಹುಕಾಲ ನಿಂತ ಗಾಡಿಯಲ್ಲಿ ಫ್ಲೈವೀಲಿಗೇ ಅಂಟಿಕೊಂಡ ಪ್ಲೇಟು, ಮುರಿದ ನಾಲಗೆ, ಇವುಗಳಲ್ಲೊಂದನ್ನು ಒಪ್ಪದೆ ಗತಿಯಿಲ್ಲ. ಅರ್ಥಾಪತ್ತಿ ಪ್ರತ್ಯೇಕ ಪ್ರಮಾಣವಲ್ಲ, ಅನುಮಾನದೊಳಗೇ ಅಡಗುತ್ತದೆ ಎಂದು ಮಧ್ವಮತ ಹೇಳುತ್ತದೆ. ಮಳಖೇಡದೊಂದಿಗೆ ಹೆಸರು ಬೆಸೆದುಕೊಂಡಿರುವ ಜಯತೀರ್ಥರ ‘ಪ್ರಮಾಣಪದ್ಧತಿ’ ಈ ಮತದ ಪ್ರಮಾಣವಿಚಾರಕ್ಕೆ ಕೈಪಿಡಿ. ಹೆಸರು ಏನೇ ಇರಲಿ, ಗೇರ್‌ಬಾಕ್ಸ್ ಇಳಿಸುವ ಹಕ್ಕು ಮಿಸ್ತ್ರಿಗೆ ದೊರೆಯುವುದು ಈ ಹಂತದಲ್ಲಿ, ಇದಕ್ಕಿಂತ ಮೊದಲಲ್ಲ.

ನಡುಕದ ವಿಷಯ ಚಿಕ್ಕದು. ಗಾಡಿ ಹೊರಡುವಾಗ ಅದುರಿದರೆ ಎಣ್ಣೆ ತಾಗಿದ ಲೈನಿಂಗ್, ಕಾದು ಕಲೆಬಿದ್ದ ಫ್ಲೈವೀಲ್ ಕಾರಣವಿರಬಹುದು. ಎಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್ ಹರಿದಿದ್ದರೂ ಅದೇ ಅದುರು. ಮೌಂಟಿಂಗನ್ನು ಮೊದಲು ನೋಡುವುದು ಅಗ್ಗ.

ಸದ್ದಿನ ಪರೀಕ್ಷೆ ಇದಕ್ಕಿಂತ ಸೊಗಸು, ಏಕೆಂದರೆ ಪೆಡಲು ಇಲ್ಲಿ ಯಾವ ಭಾಗ ತಿರುಗಬೇಕು, ಯಾವುದು ನಿಲ್ಲಬೇಕು ಎಂದು ಆಯ್ಕೆ ಮಾಡಿಕೊಡುತ್ತದೆ. ಗೇರು ನ್ಯೂಟ್ರಲ್, ಎಂಜಿನ್ ಓಡುತ್ತಿದೆ, ಪೆಡಲ್ ಬಿಟ್ಟಿದೆ: ಗೇರ್‌ಬಾಕ್ಸಿನ ಶಾಫ್ಟು ತಿರುಗುತ್ತಿರುತ್ತದೆ. ಆಗ ಬರುವ ಸದ್ದು ಪೆಡಲ್ ಒತ್ತಿದ ಕೂಡಲೆ ನಿಂತರೆ ಸಂಶಯ ಆ ಶಾಫ್ಟಿನ ಬೇರಿಂಗಿನ ಮೇಲೆ. ಮೊದಲು ಇಲ್ಲದ ಸದ್ದು ಪೆಡಲ್ ಒತ್ತಿದಾಗ ಹುಟ್ಟಿದರೆ ರಿಲೀಸ್ ಬೇರಿಂಗ್. ಬೇರಿಂಗು ಸದಾ ನಾಲಗೆಗಳನ್ನು ಮುಟ್ಟಿಕೊಂಡೇ ಇರುವ ಗಾಡಿಗಳಲ್ಲಿ ಈ ಗೆರೆ ಅಷ್ಟು ಸ್ಪಷ್ಟವಲ್ಲ. ಅಲ್ಲಿ ಸದ್ದು ಹುಟ್ಟುವುದಕ್ಕಿಂತ ಬದಲಾಗುವುದನ್ನು ಕೇಳಬೇಕು.

ಇಷ್ಟೆಲ್ಲ ಪರೀಕ್ಷೆಯ ಗೊಡವೆಯಿಲ್ಲದೆ ತೀರ್ಪು ಕೊಡುವ ಒಂದು ದಾರಿ ಎಲ್ಲ ಗ್ಯಾರೇಜಿನಲ್ಲೂ ಇದೆ. ಈ ಮಾಡಲ್ಲಿನ ಗಾಡಿಗೆ ಇಷ್ಟು ಕಿಲೋಮೀಟರಿಗೆ ಪ್ಲೇಟೇ ಹೋಗುತ್ತದೆ, ಇಲ್ಲಿಯವರೆಗೆ ಬಂದದ್ದೆಲ್ಲ ಹಾಗೆಯೇ, ಇದೂ ಹಾಗೆಯೇ. ತರ್ಕಶಾಸ್ತ್ರದಲ್ಲಿ ಇದರ ಅಣ್ಣನೊಬ್ಬನಿದ್ದಾನೆ: ಒಬ್ಬನ ಮಕ್ಕಳೆಲ್ಲ ಕಪ್ಪಗಿದ್ದಾರೆ, ಇವನೂ ಅವನ ಮಗ, ಆದ್ದರಿಂದ ಇವನೂ ಕಪ್ಪು. ಬೌದ್ಧ ತಾರ್ಕಿಕ ದಿಙ್ನಾಗ ಸರಿಯಾದ ಹೇತುವಿಗೆ ಮೂರು ಲಕ್ಷಣ ಹೇಳಿದ್ದ. ಹೇತು ಪಕ್ಷದಲ್ಲಿ, ಅಂದರೆ ವಿಚಾರಕ್ಕೆ ತೆಗೆದುಕೊಂಡ ವಸ್ತುವಿನಲ್ಲಿ ಇರಬೇಕು, ಸಮಾನವಾದ ಕಡೆ ಇರಬೇಕು, ವಿರುದ್ಧವಾದ ಕಡೆ ಇರಬಾರದು. ಜೈನ ತಾರ್ಕಿಕ ಪಾತ್ರಕೇಸರಿ ಇದನ್ನು ಖಂಡಿಸಿದ. ಈ ಮೂರೂ ಇದ್ದಂತೆ ಕಂಡರೂ ಹೇತು ಹುಸಿಯಾಗಬಹುದು. ಬೇಕಾದದ್ದು ಒಂದೇ ಲಕ್ಷಣ, ಸಾಧ್ಯ, ಅಂದರೆ ಸಾಧಿಸಬೇಕಾದದ್ದು, ಇಲ್ಲದೆ ಹೇತು ಇರಲಾರದು ಎಂಬ ಬಿಗಿ. ಪದ್ಮಾವತಿ ದೇವಿಯ ನೆರವಿನಿಂದ ಅವನು ತ್ರಿಲಕ್ಷಣವನ್ನು ಮುರಿದನೆಂಬ ಐತಿಹ್ಯವನ್ನು ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿ ನೆನೆಯುತ್ತದೆ. ಇನ್ನೊಬ್ಬ ಜೈನ ತಾರ್ಕಿಕ ಅಕಲಂಕ ಈ ವಿಚಾರವನ್ನು ಮುಂದೆ ಬೆಳೆಸಿದ. ಕ್ಲಚ್ಚಿನ ಮಟ್ಟಿಗೆ ತೀರ್ಪು ಪಾತ್ರಕೇಸರಿಯ ಕಡೆಗೇ ವಾಲುತ್ತದೆ. ಹಿಂದೆ ಎಷ್ಟು ಗಾಡಿಗಳಲ್ಲಿ ಹೀಗಾಗಿತ್ತು ಎಂಬ ಎಣಿಕೆ ಎಲ್ಲಿ ಮೊದಲು ನೋಡಬೇಕೆಂದು ಹೇಳುತ್ತದೆ, ಏನಾಗಿದೆ ಎಂದು ಹೇಳುವುದಿಲ್ಲ. ಕಟ್ಟಿಹಾಕಿದ ಚಕ್ರದ ಮೇಲೆ ಎಂಜಿನ್ ಆರದೆ ಓಡುವುದು ಬೇರೆಯೇ ಜಾತಿಯ ಕುರುಹು: ಎಲ್ಲೋ ಜಾರದೆ ಅದು ಆಗಲಾರದು.

ಪ್ರತ್ಯಕ್ಷವನ್ನಷ್ಟೇ ಒಪ್ಪುವ ಚಾರ್ವಾಕ ಇಲ್ಲಿ ಅಡ್ಡ ನಿಲ್ಲುತ್ತಾನೆ. ಎಲ್ಲ ಕಾಲದ ಎಲ್ಲ ಕ್ಲಚ್ಚುಗಳನ್ನು ಯಾರು ಕಂಡರು? ಕಾಣದೆ ಇದ್ದ ಇನ್ನೊಂದು ಉಪಾಧಿ ಇಲ್ಲವೆಂದು ಹೇಗೆ ಹೇಳುತ್ತೀರಿ? ಈ ಪ್ರಶ್ನೆಗೆ ಪೂರ್ತಿ ಉತ್ತರವಿಲ್ಲ ಎನ್ನುವುದೇ ಪ್ರಾಮಾಣಿಕತೆ. ಉದಯನ ಕೊಟ್ಟ ಉತ್ತರ ನಡವಳಿಕೆಯದು: ಸಂಶಯಪಡುವವನ ಸ್ವಂತ ನಡೆಯೇ ಅವನ ಸಂಶಯಕ್ಕೆ ಎದುರು ನಿಲ್ಲುವವರೆಗೆ ಮಾತ್ರ ಸಂಶಯಕ್ಕೆ ಅವಕಾಶ. ಹೊಗೆಗಾಗಿ ಬೆಂಕಿ ಹೊತ್ತಿಸುವವನು ಬೆಂಕಿಗೂ ಹೊಗೆಗೂ ಸಂಬಂಧವಿಲ್ಲವೆಂದು ವಾದಿಸಿದರೆ ಕೈ ಒಂದು ಹೇಳುತ್ತದೆ, ಬಾಯಿ ಇನ್ನೊಂದು ಹೇಳುತ್ತದೆ. ಈ ಉತ್ತರ ಕ್ಲಚ್ಚಿಗೆ ಸಾಲುತ್ತದೆ. ಈಶ್ವರನಿಗೆ ಸಾಲುತ್ತದೆಯೇ ಎಂಬುದು ಅನುಮಾನದ ಗುಣದ ಮೇಲಲ್ಲ, ಆ ಕುರುಹಿಗೆ ಬೇರೆ ಕಾರಣಗಳನ್ನು ಒಂದೊಂದಾಗಿ ಕಳೆಯುವ ಪರೀಕ್ಷೆ ಸಾಧ್ಯವೇ ಎಂಬುದರ ಮೇಲೆ ನಿಂತಿದೆ. ಜಗತ್ತಿನ ಎಂಜಿನ್ನನ್ನು ಆರಿಸಿ ಗೇರು ಬೀಳುತ್ತದೆಯೇ ಎಂದು ನೋಡಲಾಗದು. ರಾಮಾನುಜ, ಮಧ್ವರ ಹಿಂಜರಿಕೆಗೆ ತೂಕ ಬರುವುದು ಇಲ್ಲಿ.

ಮಿಸ್ತ್ರಿಗೆ ಅನುಮಾನ, ಗಾಡಿಯ ಒಡೆಯನಿಗೆ ಅದೂ ಇಲ್ಲ, ಅವನಿಗಿರುವುದು ಮಿಸ್ತ್ರಿಯ ಮಾತು. ಇದು ಶಬ್ದ ಪ್ರಮಾಣದ ಸೀಮೆ. ನ್ಯಾಯಸೂತ್ರ ಆಪ್ತನ ಉಪದೇಶವನ್ನು ಶಬ್ದವೆನ್ನುತ್ತದೆ. ವಾತ್ಸ್ಯಾಯನನ ಪ್ರಕಾರ ಆಪ್ತನೆಂದರೆ ವಿಷಯವನ್ನು ನೇರವಾಗಿ ತಿಳಿದವನು, ತಿಳಿದದ್ದನ್ನು ತಿಳಿದ ಹಾಗೆಯೇ ಹೇಳಬೇಕೆಂಬ ಇಚ್ಛೆಯಿಂದ ಆಡುವವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸೇರಿಸುತ್ತಾನೆ. ಕುಲದಿಂದ, ಮಠದಿಂದ, ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟಿನಿಂದ ಆಪ್ತತ್ವ ಬರುವುದಿಲ್ಲ. ಎಣ್ಣೆಗೈಯ ಮಿಸ್ತ್ರಿ ಈ ವ್ಯಾಖ್ಯೆಯೊಳಗೆ ನೇರವಾಗಿ ಬರುತ್ತಾನೆ, ಎರಡು ಷರತ್ತೂ ತುಂಬಿದರೆ.

ಎರಡನೆಯ ಷರತ್ತು ಬರೀ ಜಾಣ್ಮೆಯಿಂದ ತುಂಬುವುದಿಲ್ಲ. ಹೂವಿನ ಹಿಪ್ಪರಗಿಯ ಸುತ್ತಲಿನ ಸೀಮೆ ಬಸವಣ್ಣನ ಸೀಮೆ. ಮಡಿವಾಳ ಮಾಚಿದೇವ ಹುಟ್ಟಿದನೆನ್ನುವ ದೇವರ ಹಿಪ್ಪರಗಿ ಇದೇ ಜಿಲ್ಲೆಯಲ್ಲಿದೆ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಯ ಮಟ್ಟಕ್ಕೆ ಏರಿಸಿದಾಗ ಅದರ ಕೂಲಿಗೂ ಲೆಕ್ಕ ಇಟ್ಟರು. ಆಯ್ದಕ್ಕಿ ಮಾರಯ್ಯ ದಿನದ ಪಾಲಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಕಳಿಸಿದಳೆಂಬ ಕಥೆ ಈ ನಾಡಿನಲ್ಲಿ ಎಲ್ಲರಿಗೂ ಗೊತ್ತು. ಕೇಬಲ್ಲಿನ ಹೊಂದಾಣಿಕೆ ಸಾಕಿದ್ದ 
ಗಾಡಿಗೆ ಕ್ಲಚ್ ಸೆಟ್ ಬರೆಯುವುದು ಆ ಹೆಚ್ಚಿನ ಅಕ್ಕಿ. ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಗೇರ್‌ಬಾಕ್ಸ್ ಇಳಿಸಿದ ಮೇಲೆ ಪ್ಲೇಟಿನ ಜೊತೆಗೆ ಪ್ರೆಶರ್ ಪ್ಲೇಟನ್ನೂ ರಿಲೀಸ್ ಬೇರಿಂಗನ್ನೂ ಬದಲಿಸೋಣ ಎನ್ನುವ ಮಿಸ್ತ್ರಿ ದುರಾಸೆಯವನಾಗಬೇಕಿಲ್ಲ. ಹಳೆಯ ಬೇರಿಂಗು ಆರು ತಿಂಗಳಿಗೆ ಕೂಗಿದರೆ ಅದೇ ಇಳಿಸುವ ಕೂಲಿಯನ್ನು ಒಡೆಯ ಮತ್ತೆ ಕೊಡಬೇಕು. ಎರಡನ್ನೂ ಬೇರ್ಪಡಿಸಿ ಹೇಳುವುದು, ಯಾವುದು ಕಂಡದ್ದು, ಯಾವುದು ಊಹಿಸಿದ್ದು, ಯಾವುದು ಮುಂಜಾಗ್ರತೆ ಎಂದು ತಿಳಿಸುವುದು, ಬಿಚ್ಚಿದ ಭಾಗವನ್ನು ಒಡೆಯನ ಕೈಗೆ ಕೊಡುವುದು, ಇಷ್ಟಾದರೆ ಶಬ್ದ ಪ್ರಮಾಣಕ್ಕೆ ಬೇಕಾದ ನೆಲೆ ಸಿಕ್ಕಿತು.

ಕೊನೆಗೆ ಕವಚ ತೆರೆದಾಗ ಬರುವುದು ಪ್ರತ್ಯಕ್ಷ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವುದುಂಟು. ರಿವೆಟ್ಟಿನ ತಲೆಯವರೆಗೆ ಸವೆದ ಲೈನಿಂಗ್, ಫ್ಲೈವೀಲಿನ ಮೇಲೆ ಕಾವಿನಿಂದ ನೀಲಿಗಟ್ಟಿದ ಕಲೆ, ನಾಲಗೆಗಳ ತುದಿಯಲ್ಲಿ ಬೇರಿಂಗು ಕೊರೆದ ಹಳ್ಳ ಎಲ್ಲ ಕಣ್ಣಿಗೆ ಬೀಳುತ್ತವೆ. ಆದರೂ ಅನುಮಾನದ ಕೆಲಸ ಮುಗಿದಿರುವುದಿಲ್ಲ. ಎಣ್ಣೆಯಲ್ಲಿ ನೆಂದ ಪ್ಲೇಟು ಕಣ್ಣಿಗೆ ಕಾಣುತ್ತದೆ, ಎಣ್ಣೆ ಬಂದ ದಾರಿ ಕಾಣುವುದಿಲ್ಲ. ಕಪ್ಪಗೆ ತೆಳ್ಳಗಿದ್ದರೆ ಎಂಜಿನ್ ಆಯಿಲ್, ಗಟ್ಟಿಯಾಗಿ ಗಂಧಕದ ಘಾಟು ಇದ್ದರೆ ಗೇರ್ ಆಯಿಲ್. ಒಂದು ಹಿಂದಿನ ಸೀಲನ್ನು ತೋರಿಸುತ್ತದೆ, ಇನ್ನೊಂದು ಶಾಫ್ಟಿನ ಸೀಲನ್ನು. ಇದನ್ನು ಬಗೆಹರಿಸದೆ ಹೊಸ ಪ್ಲೇಟು ಕೂರಿಸಿದರೆ ಅದೂ ನೆನೆಯುತ್ತದೆ. ಒಂದು ಬದಿ ಮಾತ್ರ ಸವೆದಿದ್ದರೆ ಶಾಫ್ಟಿನ ಮೇಲೆ ಪ್ಲೇಟಿನ ಜಾರಾಟವನ್ನು ನೋಡಬೇಕು. ಸವೆತ ಸಮವಾಗಿದ್ದು ಗಾಡಿಯ ಆಯುಸ್ಸಿಗೆ ತಕ್ಕದ್ದಾಗಿದ್ದರೆ ಬೇರೆ ದೋಷ ಹುಡುಕಬೇಕಿಲ್ಲ.

ಜೋಡಿಸಿದ ಮೇಲೆ ಪೆಡಲಿನ ಪ್ಲೇ ಅಳೆದು, ಎಂಜಿನ್ ಓಡುವಾಗ ರಿವರ್ಸ್ ಹಾಕಿ ನೋಡಿ, ಗಟ್ಟಿ ರಸ್ತೆಯಲ್ಲಿ ಮೇಲಿನ ಗೇರಿನ ಪರೀಕ್ಷೆ ಒಮ್ಮೆ ಮಾಡಬೇಕು. ಹೊಸ ಲೈನಿಂಗ್ ಫ್ಲೈವೀಲಿಗೆ ಹೊಂದಿಕೊಳ್ಳಲು ಕೆಲವು ನೂರು ಕಿಲೋಮೀಟರ್ ಓಡಬೇಕಾಗುತ್ತದೆ. ಅಲ್ಲಿಯವರೆಗೆ ಭಾರ ಎಳೆಸಬಾರದು, ಕೆಸರಿಗೆ ಇಳಿಸಬಾರದು. ಆ ದಿನಗಳಲ್ಲಿ ಆಗಾಗ ಬರುವ ಸಣ್ಣ ಸುಟ್ಟ ವಾಸನೆ ದೋಷದ ಕುರುಹಲ್ಲ. ಆಮೇಲೆಯೂ ಅದು ಉಳಿದರೆ ಪೆಡಲಿನ ಪ್ಲೇಯಿಂದ ಹಿಡಿದು ಪರೀಕ್ಷೆಯನ್ನು ಮತ್ತೆ ಶುರು ಮಾಡಬೇಕು.